ಹತ್ತು ವರ್ಷ ಬಿಟ್ಟು ಮನೆ ಟಿವಿ ಎಷ್ಟು ಇಂಚಿರುತ್ತೆ? ಗೋಡೆ ಎಷ್ಟು ಬಿಡಲಿ?

ಖಾಲಿಗೋಡೆ
ಮನೆ ಕೆಲಸ ನಡೆಯುತ್ತಿದೆ. ಹಾಲ್‌ನ ಒಂದು ಗೋಡೆ ಟಿವಿಗೆ ಅಂತ ತೀರ್ಮಾನ ಆಗಿದೆ, ಪ್ಲಾಸ್ಟರ್ ಇನ್ನೂ ಆಗಿಲ್ಲ. ಎಲೆಕ್ಟ್ರಿಷಿಯನ್ ಬಂದಾಗಲೆಲ್ಲ ಒಂದೇ ಪ್ರಶ್ನೆ: ಪಾಯಿಂಟ್ ಎಲ್ಲಿ ಕೊಡಲಿ, ಎಷ್ಟು ಇಂಚಿನ ಟಿವಿ ಬರುತ್ತೆ? ಈಗ ಇರುವುದು 43 ಇಂಚು. ಸೋಫಾದಿಂದ ಗೋಡೆಗೆ 3 ಮೀಟರ್. ಗೋಡೆಯ ಅಗಲ 3.4 ಮೀಟರ್.

ಈಗ ಯಾವ ಟಿವಿ ತಗೊಳ್ಳಲಿ ಅಂತ ನಾನು ಕೇಳುತ್ತಿಲ್ಲ. ಒಂದು ಕಾಲಕ್ಕೆ 21 ಇಂಚು ಅಂದರೇ ದೊಡ್ಡದು. ಆಮೇಲೆ 32 ಬಂತು, 43 ಬಂತು, 55 ಬಂತು. ಈಗ ಅಂಗಡಿಯಲ್ಲಿ 98, 100 ಇಂಚಿನವು ಸಾಲಾಗಿ ನಿಂತಿವೆ. ಹೀಗೇ ಹೋದರೆ ಇನ್ನು ಹತ್ತು ವರ್ಷಕ್ಕೆ 150 ಆಗುತ್ತಾ? ಅಥವಾ ಎಲ್ಲಾದರೂ ನಿಲ್ಲುತ್ತಾ? ಒಂದು ಸಲ ಗೋಡೆ ಮುಚ್ಚಿದ ಮೇಲೆ ಮತ್ತೆ ಒಡೆಸುವ ಶಕ್ತಿ ನನಗಿಲ್ಲ. ತಿಳಿದವರು ಹೇಳಿ.

ರಿಮೋಟ್‌ರಾಯ
ಪೂರ್ತಿ ಗೋಡೆ ಬಿಟ್ಟುಬಿಡಿ. ಟಿವಿ ದೊಡ್ಡದಾಯ್ತು ಅಂತ ಅತ್ತವರನ್ನು ನಾನು ನೋಡಿಲ್ಲ.

ಸುಮ್ನೆಓದ್ತೀನಿ
ನಾನು ನೋಡಿದ್ದೇನೆ. ನಮ್ಮ ಭಾವ. 85 ಇಂಚು ತಂದು ಎರಡು ಮೀಟರ್ ದೂರದಲ್ಲಿ ಕೂತರು. ಪಂದ್ಯ ನೋಡುವಾಗ ಸ್ಕೋರ್ ಒಂದು ಮೂಲೆಯಲ್ಲಿ, ಚೆಂಡು ಇನ್ನೊಂದು ಮೂಲೆಯಲ್ಲಿ. ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ ಸೋಫಾವನ್ನು ಹಿಂದೆ ತಳ್ಳುತ್ತಾ ಬಂದರು. ಈಗ ಅವರ ಮನೆ ಬಾಗಿಲು ಅರ್ಧ ಮಾತ್ರ ತೆರೆಯುತ್ತೆ.

ಕೋನಮಾಪಕ
ಇಂಚು ಬಿಡಿ ಸಾರ್, ಕೋನ ಹಿಡಿಯಿರಿ. ಕೂತ ಜಾಗದಿಂದ ಪರದೆಯ ಎಡ ಅಂಚಿಗೂ ಬಲ ಅಂಚಿಗೂ ನಡುವೆ ಎಷ್ಟು ಡಿಗ್ರಿ ಅನ್ನುವುದೇ ಮುಖ್ಯ. ಸಿನಿಮಾ-ಟಿವಿ ಎಂಜಿನಿಯರುಗಳ ಸಂಘ ಎಸ್‌ಎಂಪಿಟಿಇ ಲೆಕ್ಕದಲ್ಲಿ 30 ಡಿಗ್ರಿ ಇದ್ದರೆ ನೆಮ್ಮದಿ. ಸಿನಿಮಾ ನೋಡಿದ ಹಾಗೆ ಅನಿಸಬೇಕು ಅಂದರೆ ಸುಮಾರು 40 ಇರಲಿ ಅಂತ ಚಿತ್ರಮಂದಿರಗಳ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್‌ನವರು ಹೇಳುತ್ತಾರೆ.

ನಿಮ್ಮ 3 ಮೀಟರ್‌ಗೆ ಹಾಕಿ ನೋಡಿ. 30 ಡಿಗ್ರಿಗೆ ಪರದೆಯ ಅಗಲ 1.6 ಮೀಟರ್ ಬೇಕು. ಹೆಚ್ಚುಕಮ್ಮಿ 75 ಇಂಚಿನ ಟಿವಿ (ಇಂಚು ಅಂದರೆ ಮೂಲೆಯಿಂದ ಮೂಲೆಗೆ ಓರೆ ಅಳತೆ). 40 ಡಿಗ್ರಿಗೆ 2.18 ಮೀಟರ್, ಅಂದರೆ 98 ಅಥವಾ 100 ಇಂಚು. ನೀವು ಹೇಳಿದ 150 ಇಂಚು 3.32 ಮೀಟರ್ ಅಗಲ. ಕೋನ 58 ಡಿಗ್ರಿ ಆಗುತ್ತೆ. ದಿನಾ ಚಿತ್ರಮಂದಿರದ ಮುಂದಿನ ಸಾಲಲ್ಲಿ ಕೂತು ವಾರ್ತೆ ನೋಡಿದ ಹಾಗೆ.

ಕಣ್ಣು ಇನ್ನು ಹತ್ತು ವರ್ಷದಲ್ಲಿ ಬೇರೆ ಆಗಲ್ಲ. ನಿಮ್ಮ ಹಾಲ್ ಕೂಡ ಉದ್ದ ಆಗಲ್ಲ. ಹಾಗಾಗಿ ಟಿವಿ 100ರ ಆಸುಪಾಸಿನಲ್ಲಿ ನಿಲ್ಲುತ್ತೆ ಅಂತ ನನ್ನ ಅಂದಾಜು.

ರಿಮೋಟ್‌ರಾಯ
55 ಬಂದಾಗಲೂ ಇದೇ ಮಾತು ಕೇಳಿದ್ದೆ. "ಮನೆಗೆ ಇದಕ್ಕಿಂತ ದೊಡ್ಡದು ಯಾಕೆ" ಅಂತ.

ಕೋನಮಾಪಕ
ಆಗ ಹೇಳಿದವರು ಅಭ್ಯಾಸದಿಂದ ಹೇಳಿದರು. ನಾನು ಡಿಗ್ರಿ ಕೊಡುತ್ತಿದ್ದೇನೆ. 3 ಮೀಟರ್‌ನಿಂದ 55 ಇಂಚು ಬರೀ 23 ಡಿಗ್ರಿ. ಅದು ಚಿಕ್ಕದೇ ಆಗಿತ್ತು, ಹಾಗಾಗಿ ಬೆಳೆಯಿತು.

ಕೈಯಲ್ಲೇಫೋನ್
ಡಿಗ್ರಿ ವಿಷಯ ಬಂದಿದ್ದಕ್ಕೆ ಒಂದು ತಮಾಷೆ. ಫೋನ್ ಅಡ್ಡ ಹಿಡಿದರೆ ವಿಡಿಯೊ ಸುಮಾರು 12 ಸೆಂ.ಮೀ. ಅಗಲ ಕಾಣುತ್ತೆ. ಕಣ್ಣಿಂದ 30 ಸೆಂ.ಮೀ. ದೂರ ಇಟ್ಟರೆ 22 ಡಿಗ್ರಿ ದಾಟುತ್ತೆ. ಖಾಲಿಗೋಡೆಯವರ 43 ಇಂಚಿನ ಟಿವಿ 3 ಮೀಟರ್‌ನಿಂದ 18 ಡಿಗ್ರಿ. ಮಕ್ಕಳು ಟಿವಿ ಬಿಟ್ಟು ಫೋನ್ ಯಾಕೆ ನೋಡುತ್ತಾರೆ ಅಂತ ಬೈಯಬೇಡಿ. ಅವರ ಪರದೆಯೇ ದೊಡ್ಡದು!

ಸುಮ್ನೆಓದ್ತೀನಿ
ಈ ಲೆಕ್ಕವನ್ನು ನನ್ನ ಮಗನಿಗೆ ಮಾತ್ರ ತೋರಿಸಲ್ಲ.

ಗಾಜುಹಾಳೆ
ಕಣ್ಣಿನ ಕಥೆ ಸರಿ. ಆದರೆ ಟಿವಿ ದೊಡ್ಡದಾಗಿದ್ದು ಕಣ್ಣಿಗೋಸ್ಕರ ಅಲ್ಲ, ಕಾರ್ಖಾನೆಗೋಸ್ಕರ. ಎಲ್‌ಸಿಡಿ ಪರದೆಗಳನ್ನು ಒಂದೊಂದಾಗಿ ಮಾಡುವುದಿಲ್ಲ. ದೊಡ್ಡ ಗಾಜಿನ ಹಾಳೆ ಮೇಲೆ ಒಟ್ಟಿಗೆ ಮಾಡಿ, ದರ್ಜಿ ಬಟ್ಟೆ ಕತ್ತರಿಸಿದ ಹಾಗೆ ಕತ್ತರಿಸುತ್ತಾರೆ. ಯಾವ ಅಳತೆಯಲ್ಲಿ ಚೂರು ಕಮ್ಮಿ ಉಳಿಯುತ್ತೋ ಆ ಅಳತೆಯ ಟಿವಿ ಅಗ್ಗ.

ಹಾಳೆಯ ಗಾತ್ರಕ್ಕೆ ತಕ್ಕಂತೆ ಕಾರ್ಖಾನೆಗಳನ್ನು ಇಷ್ಟನೇ ಪೀಳಿಗೆ ಅಂತಾರೆ. 8.5ನೇ ಪೀಳಿಗೆಯ ಹಾಳೆ 2.2 ಮೀಟರ್‌ಗೆ 2.5 ಮೀಟರ್. ಅದರಲ್ಲಿ 55 ಇಂಚಿನವು ಆರು ಕೂರುತ್ತವೆ. 55 ಮನೆಮನೆಗೆ ಬಂದಿದ್ದು ಹಾಗೆ. 2017ರ ಕೊನೆಗೆ ಚೀನಾದ ಹೆಫೆಯಲ್ಲಿ ಬಿಒಇ ಕಂಪನಿ 10.5ನೇ ಪೀಳಿಗೆಯ ಕಾರ್ಖಾನೆ ಶುರು ಮಾಡಿತು. ಹಾಳೆ 2.94 ಮೀಟರ್‌ಗೆ 3.37 ಮೀಟರ್. ಅದರಲ್ಲಿ 65 ಇಂಚಿನವು ಎಂಟು, 75 ಇಂಚಿನವು ಆರು. ಆಮೇಲೆ 65, 75ರ ಬೆಲೆ ಹೇಗೆ ಇಳಿಯಿತು ಅಂತ ನೀವೇ ನೋಡಿದ್ದೀರಿ.

100 ಇಂಚಿನದು ಅದೇ ಹಾಳೆಯಲ್ಲಿ ಎರಡೇ ಹಿಡಿಸುತ್ತೆ, ಪಕ್ಕದಲ್ಲಿ ಉದ್ದ ಪಟ್ಟಿ ಉಳಿಯುತ್ತೆ. ಅದರಲ್ಲಿ ಚಿಕ್ಕ ಪರದೆ ತೆಗೆಯಬಹುದು, ಆದರೂ 75ರಷ್ಟು ಲಾಭ ಇಲ್ಲ.

ರಿಮೋಟ್‌ರಾಯ
11ನೇ ಪೀಳಿಗೆ ಬಂದಾಗಿದೆಯಲ್ಲ ಗುರೂ? ಶೆನ್‌ಜೆನ್‌ನಲ್ಲಿ ಟಿಸಿಎಲ್‌ನವರದು.

ಗಾಜುಹಾಳೆ
ಹೆಸರಿಗೆ 11. ಗಾಜಿನ ಅಳತೆ ಅದೇ 2.94ಕ್ಕೆ 3.37. ಅದಕ್ಕಿಂತ ದೊಡ್ಡ ಹಾಳೆಯ ಕಾರ್ಖಾನೆ ಯಾರೂ ಕಟ್ಟಿಲ್ಲ. ಕಟ್ಟುವವರೂ ಎರಡು ಸಲ ಯೋಚಿಸುತ್ತಾರೆ. ಜಪಾನಿನ ಸಕಾಯ್‌ನಲ್ಲಿ ಶಾರ್ಪ್ 2009ರಲ್ಲಿ 10ನೇ ಪೀಳಿಗೆ ಶುರು ಮಾಡಿತ್ತು, ಆಗ ಜಗತ್ತಿನಲ್ಲೇ ದೊಡ್ಡದು. 2024ರ ಆಗಸ್ಟ್‌ನಲ್ಲಿ ಅಲ್ಲಿ ಟಿವಿ ಪರದೆ ಮಾಡುವುದು ನಿಂತೇ ಹೋಯಿತು. ಹಾಗಾಗಿ ನನ್ನ ಊಹೆ: 75, 85 ಸಾಮಾನ್ಯ ಅಳತೆ ಆಗುತ್ತೆ. 100 ಸಿಗುತ್ತೆ, ಅಗ್ಗ ಕೂಡ ಆಗುತ್ತೆ. 150 ಎಲ್ಲರ ಮನೆಗೆ ಬರಲ್ಲ.

ಹಳೇಆಂಟೆನಾ
ಈ 150ರ ಕನಸು ಹೊಸದೇನಲ್ಲ ಮಾರಾಯರೇ. 2008ರಲ್ಲೇ ಲಾಸ್ ವೇಗಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಪ್ಯಾನಸಾನಿಕ್ 150 ಇಂಚಿನ ಪ್ಲಾಸ್ಮಾ ಟಿವಿ ನಿಲ್ಲಿಸಿತ್ತು. ಇನ್ನೇನು ಗೋಡೆಯೇ ಟಿವಿ ಅಂತ ಪತ್ರಿಕೆಗಳಲ್ಲಿ ಬಂತು. 2013ರ ಕೊನೆಗೆ ಅದೇ ಕಂಪನಿ ಪ್ಲಾಸ್ಮಾ ತಯಾರಿಕೆಯನ್ನೇ ಮುಚ್ಚಿತು. ಮೇಳದಲ್ಲಿ ನಿಲ್ಲಿಸಿದ್ದೆಲ್ಲ ಮನೆಗೆ ಬರುವುದಿಲ್ಲ.

ಅದಕ್ಕೂ ಹಿಂದೆ ಹೋದರೆ 1946ರ ಆರ್‌ಸಿಎ 630-ಟಿಎಸ್. ಪರದೆ ಹತ್ತೇ ಇಂಚು, ಡಬ್ಬ ಮಾತ್ರ ಪೆಟ್ಟಿಗೆಯಷ್ಟು. 1989ರ ಹೊತ್ತಿಗೆ ಸೋನಿ 43 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಮಾಡಿತು. ಹೆಚ್ಚುಕಮ್ಮಿ 200 ಕಿಲೋ ತೂಕ! ಟ್ಯೂಬ್ ಒಳಗೆ ಗಾಳಿ ಇರಲ್ಲವಲ್ಲ, ಹೊರಗಿನ ಗಾಳಿಯ ಒತ್ತಡ ತಡೆಯೋಕೆ ಗಾಜು ದಪ್ಪ ಇರಲೇಬೇಕು. ಅಲ್ಲಿಗೆ ಟ್ಯೂಬ್‌ನ ಬೆಳವಣಿಗೆ ಮುಗಿಯಿತು. ಚಪ್ಪಟೆ ಪರದೆ ಬಂದ ಮೇಲೇ ಮತ್ತೆ ಬೆಳೆದದ್ದು.

ಹೊತ್ತವನು
ಟಿವಿ ಹಾಕೋದೇ ನನ್ನ ಕೆಲಸ. ಎಲ್ಲರೂ ಗೋಡೆ ಅಳೆಯುತ್ತಿದ್ದೀರಿ, ಮೆಟ್ಟಿಲು ಅಳೆದವರು ಒಬ್ಬರೂ ಇಲ್ಲ.

98 ಇಂಚು ಅಂದರೆ ಪರದೆಯೇ 2.17 ಮೀಟರ್ ಉದ್ದ, 1.22 ಎತ್ತರ. ಡಬ್ಬ ಇನ್ನೂ ದೊಡ್ಡದು. ತೂಕ 50-60 ಕಿಲೋ, ಡಬ್ಬದ ಜೊತೆ ಇನ್ನೂ ಜಾಸ್ತಿ. ಮಲಗಿಸಿ ಹೊರುವ ಹಾಗಿಲ್ಲ, ನಡುವೆ ಗಾಜು ಬಾಗುತ್ತೆ. ಒಂದು ಮನೆಯಲ್ಲಿ ಲಿಫ್ಟ್‌ಗೆ ಓರೆ ಮಾಡಿದರೂ ಹಿಡಿಸಲಿಲ್ಲ, ಮೆಟ್ಟಿಲಲ್ಲೇ ಹೊತ್ತೆವು. ನೇರ ಹತ್ತುವಾಗ ಏನೂ ಇಲ್ಲ. ತಿರುವು ಬಂದಾಗ ಗೊತ್ತಾಗುತ್ತೆ. ಮುಂದಿನವನು ಮೇಲಿನ ಮೆಟ್ಟಿಲ ಗೋಡೆಗೆ ಬೆನ್ನು ಒತ್ತಿ ನಿಂತ. ಹಿಂದಿನ ಇಬ್ಬರು ಡಬ್ಬವನ್ನು ಕಂಬಿಯ ಮೇಲೆ ಎತ್ತಿ ಹಿಡಿದರು, ಅರ್ಧ ಡಬ್ಬ ಆಚೆ ಗಾಳಿಯಲ್ಲಿ. ನಾನು ಕೆಳಗಿನ ಮೂಲೆಗೆ ಭುಜ ಕೊಟ್ಟೆ. ಒಂದು ತಿರುವಿನಲ್ಲಿ ಬಲ್ಬ್ ಹೋಲ್ಡರ್ ಬಿಚ್ಚಿದ ಮೇಲೇ ಡಬ್ಬ ತಿರುಗಿದ್ದು. ಮೇಲೆ ಹೋದಾಗ ಮನೆಯವರು, "ಇಷ್ಟು ಹೊತ್ತು ಯಾಕಾಯ್ತು?" ಅಂದರು.

ಮನೆಗಳ ಲಿಫ್ಟ್, ಬಾಗಿಲು ದೊಡ್ಡದಾಗುವವರೆಗೆ 100 ಇಂಚಿಗಿಂತ ದೊಡ್ಡ ಟಿವಿ ನನ್ನ ಹೆಗಲ ಮೇಲೆ ಬರದೇ ಇರಲಿ.

ಸುಮ್ನೆಓದ್ತೀನಿ
ಇಡೀ ಚರ್ಚೆಯಲ್ಲಿ ಇದೇ ಬೆಸ್ಟ್ ಉತ್ತರ.

ತುಂಡುಜೋಡಣೆ
ಅದಕ್ಕೇ ಮೈಕ್ರೊಎಲ್‌ಇಡಿ ಬರುತ್ತಿರುವುದು ಅಣ್ಣಾ. ಚಿಕ್ಕ ಚಿಕ್ಕ ಹಲಗೆಗಳನ್ನು ತಂದು ಗೋಡೆ ಮೇಲೆ ಜೋಡಿಸುವುದು. ಲಿಫ್ಟ್‌ನಲ್ಲೂ ಬರುತ್ತೆ, ಮೆಟ್ಟಿಲಲ್ಲೂ ಬರುತ್ತೆ. 2018ರಲ್ಲಿ ಸ್ಯಾಮ್‌ಸಂಗ್ "ದ ವಾಲ್" ಅಂತ 146 ಇಂಚಿನದು ತೋರಿಸಿದ್ದು ಇದೇ ತಂತ್ರದಲ್ಲಿ. ಎಷ್ಟು ಇಂಚು ಅನ್ನುವ ಪ್ರಶ್ನೆಯೇ ಹೋಗುತ್ತೆ. ಬೇಕಾದಷ್ಟು ಹಲಗೆ ಸೇರಿಸಿಕೊಳ್ಳಿ.

ಪಿಕ್ಸೆಲ್‌ಪುಟ್ಟ
ಸೇರಿಸಿಕೊಳ್ಳಿ, ಮನೆ ಮಾರಿ. 4ಕೆ ಪರದೆಯಲ್ಲಿ 83 ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ದೀಪ. ಹತ್ತಿರ ಹತ್ತಿರ ಎರಡೂವರೆ ಕೋಟಿ ಪುಟಾಣಿ ಎಲ್‌ಇಡಿ. ಎಲ್ಲವೂ ಜಾಗದಲ್ಲಿ ಕೂರಬೇಕು, ಒಂದೇ ಹೊಳಪಲ್ಲಿ ಉರಿಯಬೇಕು. ಹಲಗೆ ಹಲಗೆ ನಡುವಿನ ಗೆರೆ ಕಾಣಬಾರದು. ಒಂದು ಹಲಗೆ ಕೆಟ್ಟು ಹೊಸದು ಹಾಕಿದರೆ ಬಣ್ಣ ಹಳೆಯದಕ್ಕೆ ಹೊಂದಬೇಕು. 2018ರಿಂದ ಇವತ್ತಿನವರೆಗೂ ಅದು ಕುಬೇರರ ಮನೆಯ ಸಾಮಾನೇ.

ಇನ್ನೊಂದು ವಿಷಯ. ದೊಡ್ಡ ಟಿವಿಗೆ 8ಕೆ (4ಕೆಯ ನಾಲ್ಕರಷ್ಟು ಪಿಕ್ಸೆಲ್) ಬೇಕೇ ಬೇಕು ಅಂತ ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಸಾಮಾನ್ಯ ದೃಷ್ಟಿಗೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದು ಬೇರೆಯಾಗಿ ಕಾಣುತ್ತೆ, ಅಷ್ಟೇ. 65 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದು ಪಿಕ್ಸೆಲ್ 0.75 ಮಿ.ಮೀ. ಸುಮಾರು 2.6 ಮೀಟರ್ ದೂರ ಹೋದರೆ ಅದೇ ಕಾಣಲ್ಲ. 100 ಇಂಚಿನ 4ಕೆಯಲ್ಲಿ ಪಿಕ್ಸೆಲ್ 0.58 ಮಿ.ಮೀ., ಎರಡು ಮೀಟರ್ ದಾಟಿದರೆ ಕಾಣಲ್ಲ. 3 ಮೀಟರ್‌ನಲ್ಲಿ ಕೂರುವವರಿಗೆ 8ಕೆ ಏನು ಮಾಡುತ್ತೆ? ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರ್‌ನಲ್ಲೇ 8ಕೆ ಚಾನೆಲ್ ಶುರು ಮಾಡಿತು. ಹೆಚ್ಚಿನವರು ಅದರ ಹಿಂದೆ ಓಡಲಿಲ್ಲ.

ಕೋನಮಾಪಕ
ಕಣ್ಣಿನ ಲೆಕ್ಕ ಇಷ್ಟು ಸಪಾಟಲ್ಲ ಪುಟ್ಟ. ಒಳ್ಳೆ ದೃಷ್ಟಿ ಇರುವವರಿಗೆ ಅದಕ್ಕಿಂತ ಸಣ್ಣದೂ ಕಾಣುತ್ತೆ. ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಇನ್ನೂ ಬೇಗ ಗೊತ್ತಾಗುತ್ತೆ. ಆದರೆ 8ಕೆ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ.

ನಿಧಾನಪ್ಯಾನ್
ಪಿಕ್ಸೆಲ್‌ಗಿಂತ ದೊಡ್ಡ ತೊಂದರೆ ಚಲನೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಕ್ಯಾಮೆರಾ ಪಕ್ಕಕ್ಕೆ ತಿರುಗುತ್ತಾ, ಒಂದು ಕಂಬ ಪರದೆಯ ಈ ತುದಿಯಿಂದ ಆ ತುದಿಗೆ 7 ಸೆಕೆಂಡಲ್ಲಿ ಹೋಯಿತು ಅಂತಿಟ್ಟುಕೊಳ್ಳಿ. 100 ಇಂಚಿನ ಪರದೆಯಲ್ಲಿ ಪ್ರತಿ ಫ್ರೇಮ್‌ಗೂ ಅದು 1.3 ಸೆಂ.ಮೀ. ಜಿಗಿಯುತ್ತೆ. 43ರಲ್ಲಿ ಅರ್ಧ ಸೆಂ.ಮೀ.ಗೆ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ ಸಿನಿಮಾ, ದೊಡ್ಡ ಟಿವಿಯಲ್ಲಿ ತಟ್ ತಟ್ ಅಂತ ಕಾಣುತ್ತೆ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್‌ಇಡಿಯಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಅದು ಥಟ್ಟನೆ ಫ್ರೇಮ್ ಬದಲಿಸುತ್ತೆ. ತಡೆಯಲು ಸೆಟ್ಟಿಂಗ್‌ನಲ್ಲಿ ಮೋಷನ್ ಸ್ಮೂತಿಂಗ್ (ನಡುವೆ ಟಿವಿಯೇ ಹೊಸ ಫ್ರೇಮ್ ತುಂಬುವುದು) ಹಾಕಿದರೆ ಸಿನಿಮಾ ಧಾರಾವಾಹಿ ಥರ ಕಾಣುತ್ತೆ.

ರಿಮೋಟ್‌ರಾಯ
ನಮ್ಮ ಮನೆಯಲ್ಲಿ ಅದು ಆನ್ ಇದೆ. ಚೆನ್ನಾಗೇ ಇದೆ.

ನಿಧಾನಪ್ಯಾನ್
ನಿಮ್ಮ ಜೊತೆ ಮಾತಾಡಿ ಪ್ರಯೋಜನ ಇಲ್ಲ 😀

ಕಪ್ಪುಹಲಗೆ
ಟಿವಿ ಆನ್ ಇದ್ದಾಗಿನ ಮಾತೇ ಎಲ್ಲ. ಆಫ್ ಇದ್ದಾಗ? ದಿನದ ಹೆಚ್ಚು ಹೊತ್ತು ಅದು ಆಫ್ ಅಲ್ವಾ? 100 ಇಂಚು ಅಂದರೆ ಎರಡೂ ಮುಕ್ಕಾಲು ಚದರ ಮೀಟರ್ ಕಪ್ಪು ಗಾಜು ಹಾಲ್‌ನಲ್ಲಿ. ಕಿಟಕಿ, ಫ್ಯಾನು, ಕೂತ ನಾವು, ಎಲ್ಲ ಅದರಲ್ಲೇ ಕಾಣುತ್ತೇವೆ. ನನ್ನ ತಂಗಿ ಮನೆಗೆ ಹೋದರೆ ನನ್ನ ಮುಖ ನೋಡಿಕೊಂಡೇ ಮಾತಾಡಬೇಕು.

ಕಂಪನಿಗಳಿಗೂ ಇದು ಗೊತ್ತು. ಆಫ್ ಇದ್ದಾಗ ಚಿತ್ರಪಟ ತೋರಿಸುವ ಟಿವಿಯನ್ನು ಸ್ಯಾಮ್‌ಸಂಗ್ 2017ರಲ್ಲೇ ತಂದಿತು. ಎಲ್‌ಜಿ ಸುತ್ತಿ ಒಳಗೆ ಹೋಗುವ 65 ಇಂಚಿನ ಓಎಲ್‌ಇಡಿ ಮಾಡಿತು, 2020ರಲ್ಲಿ ಮಾರಾಟಕ್ಕೂ ಬಿಟ್ಟಿತು. ಬೆಲೆ ನೋಡಿ ಯಾರೂ ಹತ್ತಿರ ಹೋಗಲಿಲ್ಲ, ಕೊನೆಗೆ ನಿಲ್ಲಿಸಿದರು. ನನ್ನ ಪ್ರಕಾರ ಮುಂದಿನ ಹತ್ತು ವರ್ಷದ ಪೈಪೋಟಿ ಇಂಚಿನದಲ್ಲ. ಬೇಡವಾದಾಗ ಮಾಯವಾಗುವ ಪರದೆಯದು.

ಕತ್ತಲಕೋಣೆ
ಬೇಡವಾದಾಗ ಮಾಯವಾಗುವುದು ಇದೆ ಮೇಡಂ. ಪ್ರೊಜೆಕ್ಟರ್. ಗೋಡೆ ಬುಡದಲ್ಲೇ ಇಟ್ಟರೆ 100, 120 ಇಂಚು ಬೀಳಿಸುವ ಲೇಸರ್ ಪ್ರೊಜೆಕ್ಟರ್‌ಗಳಿವೆ. ಪರದೆ ಸುರುಳಿ ಸುತ್ತಿ ಮೇಲೆ ಹೋಗುತ್ತೆ. ಲಿಫ್ಟ್ ಚಿಂತೆ ಇಲ್ಲ.

ಪಿಕ್ಸೆಲ್‌ಪುಟ್ಟ
ಹಗಲು ಹೊತ್ತು ಕಿಟಕಿ ತೆಗೆದು ನೋಡಿ ಹೇಳಿ. ಪ್ರೊಜೆಕ್ಟರ್ ಕಪ್ಪು ಬಣ್ಣ ಎಸೆಯಲಾರದು. ಪರದೆ ಎಷ್ಟು ಬೆಳ್ಳಗಿದೆಯೋ ಅದೇ ಅದರ ಕಪ್ಪು. ಹೊರಗಿನ ಬೆಳಕು ತಡೆಯುವ ವಿಶೇಷ ಪರದೆ ಹಾಕಿದರೂ ಟಿವಿಯ ಮುಂದೆ ನಿಲ್ಲಲ್ಲ.

ಕತ್ತಲಕೋಣೆ
ನಾನು ರಾತ್ರಿ ನೋಡುತ್ತೇನೆ. ಹಗಲು ಕೆಲಸ ಇದೆ.

ಮೀಟರ್‌ತಿರುಗು
ಕರೆಂಟ್ ಬಗ್ಗೆ ಯಾರೂ ಎತ್ತಲಿಲ್ಲ. ಇಂಚು ಎರಡರಷ್ಟಾದರೆ ಜಾಗ ನಾಲ್ಕರಷ್ಟು. 50 ಇಂಚಿನ ನಾಲ್ಕು ಟಿವಿ ಸೇರಿದರೆ 100 ಇಂಚಿನದು ಒಂದು. ಅದೇ ಹೊಳಪು ಬೇಕು ಅಂದರೆ ಬೆಳಕೂ ಸುಮಾರು ನಾಲ್ಕರಷ್ಟು ಬೇಕು. ಯುರೋಪಿನಲ್ಲಿ 2023ರ ಮಾರ್ಚ್‌ನಿಂದ ಟಿವಿಗಳ ವಿದ್ಯುತ್ ಬಳಕೆಯ ನಿಯಮ ಬಿಗಿ ಮಾಡಿದ್ದಾರೆ. 8ಕೆ ಟಿವಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಕಂಪನಿಗಳು ಮೊದಲು ಹಾಕಿಕೊಡುವ ಹೊಳಪನ್ನೇ ತಗ್ಗಿಸಬೇಕಾಯಿತು. ಇಂಥ ನಿಯಮ ಬೇರೆ ಕಡೆಗೂ ಬಂದರೆ ಗಾತ್ರಕ್ಕೆ ಅದೂ ಒಂದು ಲಗಾಮು.

ಕೈಯಲ್ಲೇಫೋನ್
ತಲೆಗೆ ಹಾಕಿಕೊಳ್ಳುವ ಕನ್ನಡಕ ಬಂದ ಮೇಲೆ ಇದೆಲ್ಲ ಯಾಕೆ? ಆಪಲ್ 2024ರಲ್ಲಿ ಬಿಟ್ಟಿದ್ದರಲ್ಲಿ ಎಷ್ಟು ದೊಡ್ಡ ಪರದೆ ಬೇಕೋ ಅಷ್ಟು ಕಾಣುತ್ತೆ.

ಕಪ್ಪುಹಲಗೆ
ಒಬ್ಬರಿಗೆ ಕಾಣುತ್ತೆ. ಮಿಕ್ಕವರು ಏನು ಮಾಡಬೇಕು, ನಿಮ್ಮ ಮುಖ ನೋಡಬೇಕಾ?

ಕಿವಿಮಂದ
ಎಷ್ಟು ಇಂಚಾದರೂ ಸರಿ, ಡೈಲಾಗ್ ಕೇಳಿಸೋದು ಯಾವಾಗ? ಟಿವಿ ತೆಳ್ಳಗಾದಷ್ಟೂ ಸ್ಪೀಕರ್ ಚಿಕ್ಕದಾಯಿತು, ಅದೂ ನೆಲದ ಕಡೆ ಮುಖ. ಹಾಡು ಬಂದರೆ ಮನೆ ನಡುಗುತ್ತೆ, ಮಾತು ಬಂದರೆ ಪಿಸಪಿಸ. ಸಬ್‌ಟೈಟಲ್ ಹಾಕಿ ನನ್ನ ಭಾಷೆಯ ಸಿನಿಮಾವನ್ನೇ ಓದುತ್ತಿದ್ದೇನೆ.

ಸುಮ್ನೆಓದ್ತೀನಿ
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ ಸಾರ್, ಸಾವಿರ ಜನ ಬರುತ್ತಾರೆ.

ಹಳೇಆಂಟೆನಾ
ಇನ್ನೊಂದು ಮಾತು. ಹಳೆ ಕಾರ್ಯಕ್ರಮ ನೋಡುವವರು ಹುಷಾರು. 100 ಇಂಚಿನಲ್ಲಿ ಹಳೆಯ ಕಡಿಮೆ ರೆಸಲ್ಯೂಶನ್ ಚಿತ್ರ ಹಾಕಿದರೆ ಮುಖಕ್ಕೆ ಮೇಣ ಬಳಿದ ಹಾಗೆ ಕಾಣುತ್ತೆ. ಟಿವಿ ಒಳಗಿನ ಚಿಪ್ ತನಗೆ ತೋಚಿದ ವಿವರ ತುಂಬುತ್ತೆ. ಒಮ್ಮೊಮ್ಮೆ ಹುಬ್ಬೇ ಬೇರೆ ಆಗಿರುತ್ತೆ. ನಾನು ಹಳೇದು ನೋಡೋಕೆ ಒಳಗಿನ ಕೋಣೆಯಲ್ಲಿ 32 ಇಂಚಿನದು ಇಟ್ಟುಕೊಂಡಿದ್ದೇನೆ.

ಖಾಲಿಗೋಡೆ
ಎಲ್ಲರಿಗೂ ಥ್ಯಾಂಕ್ಸ್. ತಲೆ ಸ್ವಲ್ಪ ಗಿರ್ರ್ ಅಂತಿದೆ. ಈಗ 75 ತಗೊಂಡು, ಗೋಡೆಯನ್ನು 100ಕ್ಕೆ ತಯಾರು ಮಾಡಿಡೋಣ ಅಂತಿದ್ದೇನೆ. ಹಾಗಾದರೆ ಪಾಯಿಂಟ್ ಎಷ್ಟು ಎತ್ತರಕ್ಕೆ?

ಹೊತ್ತವನು
ಕೂತಾಗ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತೆ. ಪರದೆಯ ನಡುಭಾಗ ಅದಕ್ಕಿಂತ ಸ್ವಲ್ಪ ಮೇಲಿರಲಿ, 1.1 ಮೀಟರ್ ಅಂದುಕೊಳ್ಳಿ. 100 ಇಂಚು 1.25 ಮೀಟರ್ ಎತ್ತರ. ಅಂದರೆ ಕೆಳ ಅಂಚು ನೆಲದಿಂದ 45-50 ಸೆಂ.ಮೀ. ಹಾಗಾಗಿ ಟಿವಿ ಕೆಳಗೆ ಎತ್ತರದ ಕ್ಯಾಬಿನೆಟ್ ಮಾಡಿಸಬೇಡಿ. ಜನ ತಪ್ಪುವುದೇ ಇಲ್ಲಿ. ಕ್ಯಾಬಿನೆಟ್ ಎತ್ತರ ಮಾಡಿಸಿ, ಟಿವಿಯನ್ನು ಅದರ ಮೇಲೆ ಏರಿಸಿ, ಆಮೇಲೆ ಕತ್ತು ನೋವು ಅಂತಾರೆ.

ಪವರ್ ಪಾಯಿಂಟ್ ನಟ್ಟನಡುವೆ ಬೇಡ, ಅಲ್ಲಿ ಬ್ರಾಕೆಟ್ ಬರುತ್ತೆ. ನಡುವಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ಒಳಗೆ ತಗ್ಗಿಸಿದ ಬಾಕ್ಸ್‌ನಲ್ಲಿ ಕೊಡಿಸಿ. 75 ಹಾಕಿದರೂ ಅದರ ಹಿಂದೆ ಮರೆಯಾಗುತ್ತೆ. ಗೋಡೆ ಗಟ್ಟಿ ಇಟ್ಟಿಗೆಯದೋ, ಟೊಳ್ಳು ಬ್ಲಾಕೋ?

ಖಾಲಿಗೋಡೆ
ಟೊಳ್ಳು ಬ್ಲಾಕ್.

ಹೊತ್ತವನು
ಹಾಗಾದರೆ ಪ್ಲಾಸ್ಟರ್‌ಗೆ ಮುಂಚೆ ಬ್ರಾಕೆಟ್ ಬರುವ ಜಾಗದಲ್ಲಿ ಬ್ಲಾಕ್‌ನ ಟೊಳ್ಳು ತುಂಬಿಸಿ. ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರ ಸಾಕು. ಬಹಳಷ್ಟು ದೊಡ್ಡ ಟಿವಿಗಳ ಹಿಂದಿನ ಬ್ರಾಕೆಟ್ ತೂತುಗಳ ಅಂತರ 800ಕ್ಕೆ 400 ಮಿ.ಮೀ. ಇರುತ್ತೆ. ಸುಮ್ನೆ ಸ್ಕ್ರೂ ಪ್ಲಗ್ ಹಾಕಿ 60 ಕಿಲೋ ನೇತು ಹಾಕಿದರೆ ನನಗೆ ಫೋನ್ ಮಾಡಬೇಡಿ.

ಪಿಕ್ಸೆಲ್‌ಪುಟ್ಟ
ಪೈಪ್ ಮರೆಯಬೇಡಿ. ಎಚ್‌ಡಿಎಂಐ ಕೇಬಲ್‌ನ ತಲೆ ದಪ್ಪ, 20 ಮಿ.ಮೀ. ಪೈಪಿನಲ್ಲಿ ತೂರಲ್ಲ. 50 ಮಿ.ಮೀ. ಹಾಕಿಸಿ, ಮೂಲೆಯಲ್ಲಿ ಎಲ್ಬೋ ಬೇಡ, ಉದ್ದ ಬೆಂಡ್ ಇರಲಿ. ಕರೆಂಟ್ ವೈರಿಗೆ ಬೇರೆ ಪೈಪ್. ಒಳಗೆ ಒಂದು ದಾರ ಬಿಟ್ಟಿರಿ, ಮುಂದೆ ಕೇಬಲ್ ಬದಲಿಸುವಾಗ ಎಳೆಯೋಕೆ.

ರಿಮೋಟ್‌ರಾಯ
75 ತಗೊಂಡು ಆರೇ ತಿಂಗಳಲ್ಲಿ 100 ಬೇಕು ಅಂತ ಬರುತ್ತೀರಿ, ಬರೆದಿಟ್ಟುಕೊಳ್ಳಿ.

ಹೊತ್ತವನು
ಬರಲಿ ಬಿಡಿ. ಖಾಲಿಗೋಡೆಯವರೇ, ನಿಮ್ಮದು ಎಷ್ಟನೇ ಮಹಡಿ?